ಆಗ ಯಾರ ಕೈಯಲ್ಲಿತ್ತು

ಮೊದಲೇ ಹೇಳಿಬಿಡುತ್ತೇನೆ, ದೆವ್ವ, ಶಕುನ, ಮೈಮೇಲೆ ಬರುವುದು ಇಂಥ ಮಾತು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಯಾರಾದರೂ ‘ನನಗೂ ಒಂದು ಅನುಭವ ಆಗಿತ್ತು’ ಎಂದು ಶುರು ಮಾಡಿದರೆ ಎದ್ದು ಹೋಗುತ್ತಿದ್ದೆ. ಈಗ ನಾನೇ ಹಾಗೆ ಶುರು ಮಾಡುತ್ತಿದ್ದೇನೆ. ನೀವು ಎದ್ದು ಹೋದರೂ ನನಗೇನೂ ಬೇಸರವಿಲ್ಲ.

ನಾನು ಸೇನೆಯಲ್ಲಿ ಹೆಲಿಕಾಪ್ಟರ್ ಪೈಲಟ್. ಊರು ಕಡೂರು. ಕಾಲೇಜಿನಲ್ಲಿ ಎನ್‌ಸಿಸಿ ಮಾಡಿದೆ, ಲಿಖಿತ ಪರೀಕ್ಷೆ ಬರೆದೆ, ದಿನಗಟ್ಟಲೆ ನಡೆಯುವ ಸಂದರ್ಶನ ದಾಟಿದೆ. ಕೈ, ಕಣ್ಣು ಒಟ್ಟಿಗೆ ಕೆಲಸ ಮಾಡುತ್ತವೆಯೇ ಎಂದು ನೋಡುವ ಇನ್ನೊಂದು ಪರೀಕ್ಷೆಯಿದೆ. ಅದು ಜನ್ಮಕ್ಕೆ ಒಂದೇ ಸಲ. ಫೇಲಾದರೆ ಆ ಕನಸನ್ನು ಅಲ್ಲೇ ಮಡಚಿಟ್ಟು ಬರಬೇಕು. ನಾನು ಪಾಸಾದೆ, ಬೀದಿಯವರು ಪಟಾಕಿ ಹೊಡೆದರು.

ಈ ಕೆಲಸವೆಂದರೆ ಯುದ್ಧ ಎಂದುಕೊಂಡವರೇ ಹೆಚ್ಚು. ನಾನು ಹೊತ್ತದ್ದು ಬಹುಪಾಲು ಸೀಮೆಎಣ್ಣೆ, ಆಲೂಗಡ್ಡೆ, ಟಪಾಲು. ಆಗಾಗ ಹಿಮಗುಡ್ಡಗಳ ಎತ್ತರದ ಠಾಣೆಗಳಲ್ಲಿ ಉಸಿರು ಸಿಕ್ಕಿಕೊಂಡ ಸೈನಿಕರು. ಒಂದು ಗಂಟೆ ಹಾರಿದರೆ ಮೂರು ಗಂಟೆ ಹವಾಮಾನ ಓದಬೇಕು, ಫಾರಂ ತುಂಬಬೇಕು. ತರಬೇತಿಯಲ್ಲಿ ನಮ್ಮ ತಲೆಗೆ ಬಡಿದು ಬಡಿದು ಹೇಳಿದ್ದೇನೆಂದರೆ, ಮೋಡದೊಳಗೆ ಹೊಕ್ಕಾಗ ನಿನ್ನ ಮೈ ನಿನಗೆ ಸುಳ್ಳು ಹೇಳುತ್ತದೆ, ಎದುರಿನ ಮೀಟರುಗಳನ್ನು ಮಾತ್ರ ನಂಬು. ನಾನು ನಂಬಿದ್ದೆ.

ಇನ್ನೊಂದು ನಿಯಮವನ್ನೂ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಇಬ್ಬರು ಪೈಲಟ್‌ಗಳ ಮುಂದೆಯೂ ಒಂದೊಂದು ಕಂಟ್ರೋಲ್ ಸ್ಟಿಕ್ ಇರುತ್ತದೆ, ಎರಡೂ ಒಳಗಿಂದ ಸೇರಿಕೊಂಡಿರುತ್ತವೆ. ಪಕ್ಕದವರು ಅಲ್ಲಾಡಿಸಿದರೆ ನಮ್ಮದೂ ಅಲ್ಲಾಡುತ್ತದೆ. ಹಾರಿಸುವ ಹೊಣೆ ತೆಗೆದುಕೊಳ್ಳುವವರು ‘ಐ ಹ್ಯಾವ್ ಕಂಟ್ರೋಲ್ಸ್’ ಎನ್ನಬೇಕು, ಕೊಡುವವರು ‘ಯು ಹ್ಯಾವ್ ಕಂಟ್ರೋಲ್ಸ್’ ಎಂದು ಬಾಯಿಬಿಟ್ಟು ಹೇಳಿ ಕೈ ತೆಗೆಯಬೇಕು. ಜೊತೆಯಲ್ಲಿ ಹಾರಿ ಹಾರಿ ಅದು ಯಾರ ಕೈ ಎನ್ನುವುದು ಅಂಗೈಗೇ ಗೊತ್ತಾಗುತ್ತದೆ. ನನ್ನ ಕ್ಯಾಪ್ಟನ್ ಶಶಿಧರ್ ಸರ್‌ಗೆ ಒಂದು ಅಭ್ಯಾಸವಿತ್ತು. ಅವರು ಕೂರುತ್ತಿದ್ದದ್ದು ನನ್ನ ಬಲಕ್ಕೆ. ತೆಗೆದುಕೊಳ್ಳುವ ಮುನ್ನ ಸ್ಟಿಕ್ಕನ್ನು ಕೂದಲೆಳೆಯಷ್ಟು ತಮ್ಮ ಕಡೆ ಎಳೆದು ಸಡಿಲ ಬಿಡುತ್ತಿದ್ದರು. ಅವರು ತರೀಕೆರೆಯವರು. ಆ ಹಿಮದ ನಾಡಿನಲ್ಲಿ ಕನ್ನಡದವರೆಂದರೆ ನಾವಿಬ್ಬರೇ.

ಕೆಲವು ವರ್ಷಗಳ ಹಿಂದೆ, ಒಂದು ಬೆಳಗ್ಗೆ, ನಮ್ಮ ಹೆಲಿಕಾಪ್ಟರ್ ಗುಡ್ಡಕ್ಕೆ ಬಡಿಯಿತು. ದಿಢೀರನೆ ಮೋಡ ಕವಿದದ್ದು ನೆನಪಿದೆ. ಆಗ ಸ್ಟಿಕ್ ನನ್ನ ಕೈಯಲ್ಲಿತ್ತು, ಅದೂ ನೆನಪಿದೆ. ಸುತ್ತಲೂ ಬಿಳಿ. ಆಮೇಲೆ ಆಸ್ಪತ್ರೆ. ನಾನು ಉಳಿದೆ, ಅವರು ಹೋದರು.

ತನಿಖೆಯವರು ಕೇಳಿದ್ದು ಒಂದೇ, ಬಡಿಯುವ ಹೊತ್ತಿಗೆ ಕಂಟ್ರೋಲ್ ಯಾರ ಕೈಯಲ್ಲಿತ್ತು? ಅಂಥ ಚಿಕ್ಕ ಯಂತ್ರದಲ್ಲಿ ಮಾತು ರೆಕಾರ್ಡ್ ಆಗುವುದಿಲ್ಲ. ನಾನು ‘ನೆನಪಿಲ್ಲ’ ಎಂದೆ. ನಿಜವಾಗಿಯೂ ನೆನಪಿರಲಿಲ್ಲ. ಅವರನ್ನು ಕೊಂದದ್ದು ನಾನೋ ಅಲ್ಲವೋ ಎನ್ನುವುದು ನನಗೇ ಗೊತ್ತಿರಲಿಲ್ಲ. ಅಳು ಬರಲಿಲ್ಲ. ಬಲ ಅಂಗೈ ಮರಗಟ್ಟಿಹೋಗಿತ್ತು. ಸೂಜಿ ಚುಚ್ಚಿದರೂ ತಿಳಿಯುತ್ತಿರಲಿಲ್ಲ. ನರ ಸರಿಯಾಗಿಯೇ ಇದೆ ಎಂದು ಡಾಕ್ಟರು ರಜೆ ಕೊಟ್ಟು ಕಳಿಸಿದರು.

ಊರಿಗೆ ಬಂದ ಮೇಲೆ ಶಶಿಧರ್ ಸರ್ ತಾಯಿ ಎರಡು ಸಲ ಫೋನ್ ಮಾಡಿದರು. ‘ಒಂದ್ಸಲ ಬಂದ್ಹೋಗಮ್ಮ, ಒಂದು ಮಾತು ಕೇಳ್ಬೇಕು’ ಎಂದರು. ಯಾವ ಮಾತೆಂದು ನನಗೆ ಗೊತ್ತಿತ್ತು. ಜ್ವರ ಎಂದೆ. ಇನ್ನೊಂದು ಸಲ ನೆಂಟರು ಬಂದಿದ್ದಾರೆ ಎಂದೆ. ಕಡೂರಿನಿಂದ ತರೀಕೆರೆ ಎಷ್ಟು ದೂರ ಹೇಳಿ, ಬಸ್ಸಿನಲ್ಲಿ ಒಂದು ಗಂಟೆ! ತಪ್ಪಿಸಿಕೊಳ್ಳಲು ಸಿಂಗಟಗೆರೆಯ ಸೋದರಮಾವನ ಮನೆಗೆ ಹೋಗಿ ಕೂತೆ.

ಅಲ್ಲಿ ಮಾವ ತೆಂಗಿನ ತೋಟಕ್ಕೆ ಹೊಸ ಬೋರ್ ಕೊರೆಸುವ ತರಾತುರಿಯಲ್ಲಿದ್ದರು. ಪಾಯಿಂಟ್ ಮಾಡಲು, ಅಂದರೆ ನೀರಿರುವ ಜಾಗ ಗುರುತಿಸಲು, ಅಜ್ಜಂಪುರದ ಕಡೆಯಿಂದ ರುದ್ರಪ್ಪ ಎಂಬವರನ್ನು ಕರೆಸಿದ್ದರು. ಅವರು ಸುಲಿದ ತೆಂಗಿನಕಾಯಿಯೊಂದನ್ನು ಅಂಗೈ ಮೇಲೆ ಅಡ್ಡ ಮಲಗಿಸಿಕೊಂಡು ಬರಿಗಾಲಲ್ಲಿ ನಡೆಯುವುದು. ಕೆಳಗೆ ನೀರಿದ್ದರೆ ಕಾಯಿ ತಾನಾಗಿ ಎದ್ದು ನಿಲ್ಲುವುದು. ನಾನು ಬದುವಿನ ಮೇಲೆ ಕೂತು ನಕ್ಕೆ. ಮಾವನಿಗೆ ರೇಗಿತು.

‘ನಗ್ತೀಯೇನೇ? ಆಕಾಶದಾಗೆ ಹಾರೋಳ್ಗೆ ನೆಲದಾಗಿನ ವಿಚಾರ ಏನ್ ಗೊತ್ತು? ಕೊಡಿ ರುದ್ರಪ್ಪಾ, ಇವಳ ಕೈಗೆ ಒಂದ್ ಸತಿ ಕೊಡಿ.’

ಹೊತ್ತು ಬೆಳಗಿನ ಹತ್ತು ಗಂಟೆ, ಚುರುಗುಟ್ಟುವ ಬಿಸಿಲು. ಹುಡುಗಾಟಕ್ಕೆ ಚಪ್ಪಲಿ ಬಿಟ್ಟು ಬಲಗೈ ಚಾಚಿದೆ. ಕಾಯಿ ಇಟ್ಟದ್ದು ಕಣ್ಣಿಗೆ ಕಂಡಿತೇ ಹೊರತು ಕೈಗೆ ತಿಳಿಯಲಿಲ್ಲ. ಎರಡು ಸಾಲು ಮರ ದಾಟಿದೆ. ಏನೂ ಇಲ್ಲ. ಮೂರನೆಯ ಸಾಲಿನಲ್ಲಿ ಅಂಗೈಯಲ್ಲಿ ಸಣ್ಣಗೆ ಅದುರಿತು. ಆ ಅದುರು ನನಗೆ ಗೊತ್ತು. ಎಂಜಿನ್ ಓಡುತ್ತಿರುವಾಗ ಸ್ಟಿಕ್ಕಿನಲ್ಲಿ ಸದಾ ಇರುವಂಥದ್ದು. ಹೆಜ್ಜೆ ನಿಂತಿತು. ಕಾಯಿ ಎದ್ದು ನಿಲ್ಲಲಿಲ್ಲ. ಕೂದಲೆಳೆಯಷ್ಟು ಬಲಕ್ಕೆ ಎಳೆಯಿತು, ಸಡಿಲ ಬಿಟ್ಟಿತು.

ನನ್ನ ಬಾಯಿಂದ ‘ಯು ಹ್ಯಾವ್ ಕಂಟ್ರೋಲ್ಸ್’ ಎಂದು ಜೋರಾಗಿ ಬಂತು. ನಾನು ಹೇಳಬೇಕೆಂದು ಹೇಳಿದ್ದಲ್ಲ. ಕೈ ತೆಗೆದೆ.

ಕಾಯಿ ನನ್ನ ಕಾಲಬುಡದಲ್ಲಿ ಬೀಳಬೇಕಿತ್ತು. ಅದು ಬಲಕ್ಕೆ ಮೂರು ಹೆಜ್ಜೆ ಆಚೆ, ಆಗಷ್ಟೇ ಉತ್ತಿದ್ದ ಮೆತ್ತನೆಯ ಮಣ್ಣಿನಲ್ಲಿ ಕೂತಿತ್ತು. ಉರುಳಿದ ಗುರುತಿರಲಿಲ್ಲ.

‘ಏನಂದೆ? ಯಾರಿಗಂದೆ?’ ಎಂದರು ಮಾವ. ರುದ್ರಪ್ಪ ಆ ಕಾಯಿಯನ್ನು ಮುಟ್ಟಲಿಲ್ಲ. ‘ಕಾಯಿ ಏಳ್ತದೆ, ಇಲ್ಲಾ ಮಲಗಿರ್ತದೆ ಕಣ್ರೀ. ಪಕ್ಕಕ್ಕೆ ಹೋಗಿದ್ದು ನನ್ನ ಸರ್ವೀಸ್ನಾಗೇ ನೋಡಿಲ್ಲ’ ಎಂದು ಚೀಲದಿಂದ ಬೇರೆ ಕಾಯಿ ತೆಗೆದುಕೊಂಡು ತೋಟದ ಇನ್ನೊಂದು ಮೂಲೆಗೆ ಹೋದರು.

ಆ ಮಧ್ಯಾಹ್ನ ಊಟಕ್ಕೆ ಕೂತು ಮುದ್ದೆ ಮುರಿದಾಗ ಕೈ ಚುರ್ ಎಂದಿತು. ಮೂರು ತಿಂಗಳಲ್ಲಿ ಮೊದಲ ಸಲ ಕೈಗೆ ಬಿಸಿ ತಿಳಿದಿತ್ತು. ತಟ್ಟೆ ಮುಂದೆ ಕೂತು ಗೊಳೋ ಎಂದು ಅತ್ತುಬಿಟ್ಟೆ. ಬಿಸಿ ತಾಗಿತೆಂದು ಮಾವನ ಮಗಳು ನೀರು ತಂದು ಕೈಗೆ ಸುರಿದಳು.

ಮಾರನೆಯ ದಿನ ತರೀಕೆರೆ ಬಸ್ ಹತ್ತಿದೆ. ಶಶಿಧರ್ ಸರ್ ತಾಯಿ ಕಾಫಿ ಕೊಟ್ಟು ಎದುರು ಕೂತರು. ಸುತ್ತು ಬಳಸಲಿಲ್ಲ.

‘ಆಗ ಗಾಡಿ ಯಾರ ಕೈಲಿತ್ತಮ್ಮ? ನಿನ್ನ ಕೈಲೋ, ನಮ್ಮ ಶಶಿ ಕೈಲೋ?’

‘ಅವರ ಕೈಯಲ್ಲಿತ್ತು. ನಾನು ಬಿಟ್ಟುಕೊಟ್ಟಿದ್ದೆ’ ಎಂದೆ. ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಹೆದರಿಕೆಯಾಯಿತು.

ಬೈಯುತ್ತಾರೆ, ಸತ್ತವನ ಮೇಲೆ ಹಾಕ್ತೀಯಾ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ‘ಸದ್ಯ ಕಣಮ್ಮ. ಕೈ ಕಟ್ಕೊಂಡು ಸುಮ್ನೆ ಕೂತಿದ್ದಾಗ ಹೋಗ್ಬಿಟ್ನೇನೋ ಅಂತ ನಿದ್ದೇನೇ ಬತ್ತಿರ್ಲಿಲ್ಲ. ಉಳಿಸೋಕೆ ನೋಡಿರ್ತಾನೆ. ಅದಕ್ಕೇ ನೀನು ಉಳ್ಕೊಂಡೆ’ ಎಂದು ನನ್ನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವರ ಕೈಯ ಬಿಸಿ, ಒರಟು, ಎಲ್ಲ ನನಗೆ ಗೊತ್ತಾಗುತ್ತಿತ್ತು.

ತನಿಖೆಯ ವರದಿಯಲ್ಲಿ ‘ಖಚಿತವಾಗಿಲ್ಲ’ ಎಂದೇ ಇದೆ. ಅದನ್ನು ತಿದ್ದಿಸಲು ನಾನು ಹೋಗಲಿಲ್ಲ. ತೋಟದಲ್ಲಿ ಆದದ್ದನ್ನು ಯಾರ ಮುಂದೆ ಹೇಳಲಿ? ಮೈ ಹೇಳಿದ್ದನ್ನು ನಂಬಬಾರದೆಂದು ಕಲಿತವಳು ನಾನು. ಆ ದಿನ ಮೋಡದೊಳಗೆ ಬಿಟ್ಟುಕೊಟ್ಟಿದ್ದು ಕೈಗೆ ನೆನಪಾಯಿತೋ, ಅಥವಾ ಆಗ ಬಿಡದೇ ಇದ್ದದ್ದನ್ನು ಸಿಂಗಟಗೆರೆಯಲ್ಲಿ ಬಿಟ್ಟೆನೋ? ಮೆಡಿಕಲ್ ಬೋರ್ಡ್ ನನ್ನನ್ನು ಮತ್ತೆ ಹಾರಲು ಬಿಟ್ಟಿದೆ. ಹಾರುತ್ತಿದ್ದೇನೆ.

ಹಬ್ಬಕ್ಕೊಮ್ಮೆ ಆ ತಾಯಿ ಫೋನ್ ಮಾಡುತ್ತಾರೆ. ಊಟ, ಆರೋಗ್ಯ ಎಲ್ಲ ವಿಚಾರಿಸಿ, ಇಡುವ ಮುಂಚೆ ಪ್ರತಿ ಸಲವೂ ಕೇಳುತ್ತಾರೆ: ‘ಅವ್ನ ಕೈಲೇ ಇತ್ತು, ಅಲ್ವೇನಮ್ಮ?’

‘ಹೌದಮ್ಮ’ ಎನ್ನುತ್ತೇನೆ. ನನಗೆ ಗೊತ್ತಿಲ್ಲ.