ಒಂದು ಕಾದಂಬರಿಗೆ ಎರಡು ಗುರುತು

ಬಸವನಗುಡಿಯ ನಮ್ಮ ಮನೆಯಲ್ಲಿ ಒಂಬೈನೂರು ಪುಟದ ಆ ಯುದ್ಧದ ಕಾದಂಬರಿ ಇದ್ದದ್ದು ಒಂದೇ ಪ್ರತಿ, ಓದುವವರು ಇಬ್ಬರು. ಮಧ್ಯಾಹ್ನ ಅತ್ತೆ, ಸಂಜೆ ಆಫೀಸಿನಿಂದ ಬಂದ ಮೇಲೆ ನಾನು. ಗುರುತಿಗೆ ಒಬ್ಬೊಬ್ಬರಿಗೂ ಒಂದೊಂದು ಹಳೆಯ ಲಗ್ನಪತ್ರಿಕೆ: ಅವರದು ಹಳದಿ, ನನ್ನದು ಕೆಂಪು. ಅತ್ತೆ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತರಾದವರು. ಯಾವಾಗಲೂ ನನಗಿಂತ ನೂರು ಪುಟ ಮುಂದೆ. ಮುಂದಿದ್ದವರು ಸುಮ್ಮನಿರಬೇಕಲ್ಲ! ನಾನು ಚಪ್ಪಲಿ ಬಿಡುವಷ್ಟರಲ್ಲೇ, "ಆ ದಳವಾಯಿ ಸತ್ತ ಕಣೇ, ಪಾಪ, ಯುದ್ಧದಲ್ಲೂ ಅಲ್ಲ, ಜ್ವರ ಬಂದು" ಎಂದು ಶುರು ಮಾಡುತ್ತಿದ್ದರು.

ಒಂದು ದಿನ ರೇಗಿಹೋಗಿ, ಹಳದಿ ಪತ್ರಿಕೆಯನ್ನು ಸದ್ದಿಲ್ಲದೆ ನಲವತ್ತು ಪುಟ ಹಿಂದಕ್ಕೆ ಸರಿಸಿಟ್ಟೆ. ಮಾರನೆಯ ಸಂಜೆ ಅತ್ತೆ ಹೊಸ ಸುದ್ದಿಯೆಂಬಂತೆ, "ಕೋಟೆಗೆ ಮುತ್ತಿಗೆ ಹಾಕ್ಬಿಟ್ರು ಕಣೇ!" ಎಂದರು. ಅದನ್ನು ಹಿಂದಿನ ವಾರವೇ ಹೇಳಿದ್ದರು. ನಾನು ಅಡುಗೆಮನೆಗೆ ಓಡಿ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕೆ. ಇನ್ನೊಮ್ಮೆ ಸರಿಸಿದೆ. ಮತ್ತೆ ಅದೇ ಮುತ್ತಿಗೆ, ಅದೇ ಉತ್ಸಾಹ.

ಮೂರನೆಯ ಸಲ ನಗು ಬರಲಿಲ್ಲ. ಅತ್ತೆಯ ಅಕ್ಕನಿಗೆ ಕೊನೆಗಾಲದಲ್ಲಿ ಹೆತ್ತ ಮಕ್ಕಳ ಗುರುತೇ ಸಿಗುತ್ತಿರಲಿಲ್ಲ. ಇವರಿಗೂ ಅದೇ ಶುರುವಾಯಿತೇ? ಸಾರಿಗೆ ಉಪ್ಪು ಒಂದು ಚೂರು ಹೆಚ್ಚಾದರೂ ಅವರ ಮುಖ ನೋಡುತ್ತಿದ್ದೆ. ಗಂಡನಿಗೆ ಹೇಳಲು ಧೈರ್ಯವಾಗದೆ, ಮಲ್ಲೇಶ್ವರದ ನರರೋಗ ತಜ್ಞರೊಬ್ಬರ ಬಳಿ ನಾನೇ ಶನಿವಾರಕ್ಕೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ.

ಶುಕ್ರವಾರ ಸಂಜೆ ಕಾಫಿ ಕೊಟ್ಟು ಮೆಲ್ಲಗೆ ವಿಷಯ ಎತ್ತಿದೆ.

"ಅಮ್ಮಾ, ನಾಳೆ ಡಾಕ್ಟರ ಹತ್ರ ಹೋಗ್ಬರೋಣ್ವಾ? ಸ್ವಲ್ಪ ಮರೆವು... ಸುಮ್ನೆ ತೋರಿಸ್ಕೊಂಡು ಬರೋದು, ಅಷ್ಟೆ."

ಅತ್ತೆ ಲೋಟ ಕೆಳಗಿಟ್ಟರು. "ನೀನು ಪತ್ರಿಕೆ ಸರಿಸಿದ್ದು ಮೊದಲ್ನೇ ದಿನಾನೇ ಗೊತ್ತಾಯ್ತು. ದಿನಾ ಓದಿದ ಪುಟದ ನಂಬರ್ ಕ್ಯಾಲೆಂಡರ್ ಮೇಲೆ ಬರ್ದಿಡ್ತೀನಿ. ಹೋಗಿ ನೋಡು."

ನೋಡಿದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಏಕಾದಶಿಯ ಕೆಳಗೆ, ಸಂಕಷ್ಟಿಯ ಪಕ್ಕದಲ್ಲಿ, ಪೆನ್ಸಿಲಿನ ಪುಟ್ಟ ಪುಟ್ಟ ಅಂಕಿಗಳು. ಜೀವ ಹೋಗಿ ಬಂದಂತಾಯಿತು. ನಾಚಿಕೆಗೋ ಸಮಾಧಾನಕ್ಕೋ ಅಳುವೇ ಬಂತು.

ಅತ್ತೆ ಅಷ್ಟಕ್ಕೆ ಬಿಡಲಿಲ್ಲ. "ಅದಿರ್ಲಿ, ರಾಣಿ ಸೇತುವೆ ಸುಡಿಸಿದ್ದು ಹೇಗಿತ್ತು?"

"ಯಾವ ಸೇತುವೆ?"

"ಸೋಮವಾರ ನಿನ್ನ ಕೆಂಪು ಪತ್ರಿಕೇನ ಅರವತ್ತು ಪುಟ ಮುಂದಕ್ಕಿಟ್ಟೆ. ನಾಲ್ಕು ದಿನದಿಂದ ಅಲ್ಲಿಂದ್ಲೇ ಓದ್ತಿದೀಯ. ಕಥೆ ಎಲ್ಲೋ ತಪ್ಪಿದೆ ಅಂತ ಒಂದ್ಸಲಾನೂ ಅನ್ನಿಸ್ಲಿಲ್ವಲ್ಲೇ ನಿಂಗೆ!"

ಅತ್ತೆ ಉಳಿದ ಕಾಫಿಯನ್ನು ನಿಧಾನವಾಗಿ ಮುಗಿಸಿದರು.

"ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡ್ಬೇಡ," ಎಂದರು. "ನಿನ್ನ ಹೆಸರಿಗೆ ಬದಲಾಯಿಸ್ಬಿಡು. ಜೊತೆಗೆ ನಾನು ಬರ್ತೀನಿ."