ಐದು ತಿಂಗಳಿಗೆ ಕಿರಿಯ ತಮ್ಮ

ಪತ್ರಿಕೆಯಲ್ಲಿ ‘ಈ ದಿನ’ ಎಂಬ ಪುಟ್ಟ ಅಂಕಣ ಬರುತ್ತದಲ್ಲ, ಅದರಲ್ಲಿ ನನ್ನ ಹುಟ್ಟುಹಬ್ಬದ ದಿನದ್ದನ್ನು ಪ್ರತಿವರ್ಷ ಕತ್ತರಿಸಿ ಇಟ್ಟುಕೊಳ್ಳುವ ಚಟ ನನಗೆ. ಅದೇ ತಾರೀಖಿನಂದು ಯಾರೋ ರಾಜ ಪಟ್ಟಕ್ಕೆ ಬಂದಿದ್ದ, ಎಲ್ಲೋ ಒಂದು ಯುದ್ಧ ನಿಂತಿತ್ತು, ಒಬ್ಬ ವಿಜ್ಞಾನಿ ಹುಟ್ಟಿದ್ದ. ಅವರ ಸಾಲಿನಲ್ಲಿ ನಾನೂ ಒಬ್ಬಳು ಎಂಬ ಜಂಬ. ನಮ್ಮ ಕಾಲದವರ ತಾರೀಖೆಲ್ಲ ಶಾಲೆಯ ಮೇಷ್ಟ್ರು ಮನಸ್ಸಿಗೆ ಬಂದಂತೆ ಬರೆದದ್ದು ಎಂದು ಯಾರಾದರೂ ಅಂದರೆ, ನಿಮ್ಮದಿರಬಹುದು, ನನ್ನದಲ್ಲ ಎನ್ನುತ್ತಿದ್ದೆ.

ಹೋದ ವರ್ಷ ಯಾವುದೋ ಅರ್ಜಿಗೆಂದು ತಮ್ಮ ತನ್ನ ಆಧಾರ್ ಕಾರ್ಡಿನ ಜೆರಾಕ್ಸನ್ನು ರಾಮಕೃಷ್ಣನಗರದ ನಮ್ಮ ಮನೆಗೆ ತಂದುಕೊಟ್ಟ. ನನ್ನದರ ಪಕ್ಕ ಇಟ್ಟು ನೋಡಿದೆ. ಇಬ್ಬರದೂ ಒಂದೇ ಇಸವಿ. ನನಗೂ ಅವನಿಗೂ ಬರೀ ಐದು ತಿಂಗಳ ಅಂತರ. ಹುಟ್ಟುಹಬ್ಬಕ್ಕೆ ದಿನ, ತಿಂಗಳು ನೋಡುತ್ತೇವೆಯೇ ಹೊರತು ಇಸವಿಯನ್ನು ಯಾರು ನೋಡುತ್ತಾರೆ?

ಒಬ್ಬಳೇ ತಾಯಿ ಐದು ತಿಂಗಳ ಅಂತರದಲ್ಲಿ ಇಬ್ಬರನ್ನು ಹೆರಲಾರಳು. ತಮ್ಮನ ತಾರೀಖು ಸುಳ್ಳೆಂದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅದೇ ಶಾಲೆ ಬರೆದುಕೊಟ್ಟ ನನ್ನದೂ ಸುಳ್ಳಾಗುತ್ತಿತ್ತು. ರಾಜನನ್ನೂ ವಿಜ್ಞಾನಿಯನ್ನೂ ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ತಾಯಿಯನ್ನೇ ಬಿಟ್ಟುಕೊಡಲು ಹೊರಟೆ.

ಅಮ್ಮ ನನ್ನ ಜೊತೆಯಲ್ಲೇ ಇದ್ದಾಳೆ. ಅವಳನ್ನು ಕಳ್ಳಗಣ್ಣಿನಿಂದ ನೋಡತೊಡಗಿದೆ. ಅವಳದು ಗುಂಡು ಮುಖ, ನನ್ನದು ಕೋಲು ಮುಖ. ತಮ್ಮನ ಎಳೆಗೂಸಿನ ಫೋಟೊ ಇದೆ, ನನ್ನದಿಲ್ಲ. ಅವನು ಊಟಕ್ಕೆ ಬಂದ ದಿನ ಮುದ್ದೆಗೆ ತುಪ್ಪ ಜಾಸ್ತಿ. ಮೊದಲೂ ಜಾಸ್ತಿಯೇ ಇತ್ತು. ಆಗ ಅದು ಗಂಡುಮಗನ ಮೇಲಿನ ಮೋಹ ಅನಿಸಿತ್ತು, ಈಗ ಸಾಕ್ಷಿ ಅನಿಸಿತು. ಎರಡು ತಿಂಗಳು ಒಳಗೊಳಗೇ ಕುದಿದೆ.

ಒಂದು ಬೆಳಿಗ್ಗೆ ಇಬ್ಬರೂ ಅವರೆಕಾಳು ಹಿತುಕುತ್ತಾ ಕೂತಿದ್ದಾಗ, ಏನೂ ಅರಿಯದವಳಂತೆ ಕೇಳಿದೆ: “ಅಮ್ಮ, ನಾನು ಹುಟ್ಟಿದ್ದು ಯಾವತ್ತು?”

“ಪಂಜಿನ ಕವಾಯತು ಮುಗ್ದ ಮಾರ್ನೆ ದಿನ. ಬನ್ನಿಮಂಟಪದ ಮೈದಾನ ಗುಡಿಸ್ತಿದ್ರು.”

ಅಂದರೆ ದಸರಾ ಮುಗಿದ ಮರುದಿನ. ನನ್ನ ಕಾರ್ಡಿನಲ್ಲಿರುವುದು ಬೇಸಿಗೆಯ ತಾರೀಖು.

“ಮತ್ತೆ ತಮ್ಮ?”

“ಅದಾಗಿ ಎರಡು ವರ್ಷಕ್ಕೆ. ನೀನು ಸ್ಕೂಲಿಗೆ ಹೊರಟ್ರೆ ಅವ್ನೂ ಬರ್ತೀನಿ ಅಂತ ಬೀದೀಲಿ ಬಿದ್ದು ಹೊರಳಾಡೋನು. ಮಾರ್ನೆ ವರ್ಷ ಎತ್ಕೊಂಡ್ ಹೋದೆ. ತಲೆ ಮೇಲಿಂದ ಕೈ ಹಾಕಿ ಆ ಕಡೆ ಕಿವಿ ಮುಟ್ಟು ಅಂದ್ರು ಮೇಷ್ಟ್ರು. ಅವನ ಕೈ ಎಟುಕ್ಲಿಲ್ಲ. ನಾನು ಕೈ ಮುಗ್ದೆ ಕಣಮ್ಮ, ವಯಸ್ಸು ಏರಿಸಿ ಬರ್ಕೊಂಬುಟ್ರು. ನಿಂದೂ ಏನೋ ಒಂದು ಬರ್ಕೊಂಡಿದ್ರು.” ಆಮೇಲೆ ನನ್ನ ಕಡೆ ತಿರುಗಿದಳು. “ಯಾಕೆ?”

ನಾನು ತಡಬಡಾಯಿಸಿದೆ. ಆಧಾರ್, ಇಸವಿ, ಐದು ತಿಂಗಳು ಎಂದೆ. ಅಮ್ಮ ಓದಿದವಳಲ್ಲ, ಆದರೆ ಐದು ತಿಂಗಳ ಲೆಕ್ಕ ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಕಾಳು ಹಿತುಕುತ್ತಿದ್ದ ಬೆರಳು ನಿಂತಿತು.

“ಅದಕ್ಕೇನಾ ನನ್ ಮುಖಾನ ಹಂಗೆ ನೋಡ್ತಿದ್ದಿದ್ದು?” ಅಂದಳು. “ನಾನು ಹೆತ್ತೋಳಲ್ಲ ಅಂದ್ಕೊಂಡು ದಿನಾ ನನ್ ಕೈಲೇ ಉಂಡ್ಯಲ್ಲವ್ವ.”

ನಾಚಿಕೆಯಿಂದ ಸತ್ತೇ ಹೋದೆ. ತಪ್ಪಾಯಿತು ಎಂದೆ. ಅವಳು ಬೈದಿದ್ದರೆ ಚೆನ್ನಾಗಿತ್ತು. ಸಿಪ್ಪೆ ಒಟ್ಟುಮಾಡಿಕೊಂಡು ಒಳಗೆ ಹೋದಳು.

ಈಗ ‘ಅಮ್ಮಾ’ ಎಂದು ಕರೆದರೆ ಅವಳು ಕೂಡಲೇ ಓಗೊಡುವುದಿಲ್ಲ. ಒಮ್ಮೆ ನನ್ನ ಮುಖ ನೋಡಿ, ಆಮೇಲೆ ಏನು ಎನ್ನುತ್ತಾಳೆ.