ತುಟಿಯ ನಡುವೆ ನಾಲ್ಕು ಗುಂಡುಸೂಜಿ

ನನ್ನ ಓರಗಿತ್ತಿಯನ್ನು ಬೀದಿಯವರೆಲ್ಲ ರೇಡಿಯೋ ಎಂದು ಕರೆಯುತ್ತಾರೆ. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವಳೂ ಓಗೊಡುತ್ತಾಳೆ. ಯಾರ ಮನೆಯ ನಲ್ಲಿ ಸೋರುತ್ತಿದೆ, ಯಾರ ಅಳಿಯ ಮುನಿಸಿಕೊಂಡು ಹೋದ, ಯಾರ ಬೆಕ್ಕು ಎಷ್ಟು ಮರಿ ಹಾಕಿತು, ಎಲ್ಲವೂ ಅವಳ ಬಾಯಿಂದಲೇ ಬೀದಿಗೆ ತಿಳಿಯಬೇಕು. ಚಾಡಿ ಹೇಳುವವಳಲ್ಲ. ತಿಳಿದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಅವಳಿಗೆ ಬರುವುದಿಲ್ಲ, ಅಷ್ಟೆ. ಅಣ್ಣನನ್ನು ನಾನು ಮದುವೆಯಾದೆ, ತಮ್ಮನನ್ನು ಅವಳು. ಇಬ್ಬರೂ ಈಗ ಇಲ್ಲ. ನಾನು, ಅವಳು, ಆಸ್ಪತ್ರೆಯಲ್ಲಿ ನರ್ಸಾಗಿರುವ ಅವಳ ಮಗಳು, ಮೊಮ್ಮಗಳು, ಹೀಗೆ ನಾಲ್ಕು ಹೆಂಗಸರು ಎರಡು ಕೋಣೆ ಒಂದು ಅಡುಗೆಮನೆಯಲ್ಲಿ ಇದ್ದೇವೆ. ಅಳಿಯ ದೂರದೂರಿಗೆ ಲಾರಿ ಓಡಿಸುವವನು, ಬಂದಾಗ ಬಂದ.

ಅವಳ ಬಾಯಿ ನಲವತ್ತೊಂದು ದಿನ ಒಂದು ಮಾತನ್ನು ಒಳಗೇ ಹಿಡಿದುಕೊಂಡಿತ್ತು ಎಂದರೆ ಬೀದಿಯವರು ಇವತ್ತಿಗೂ ನಗುತ್ತಾರೆ. ನಾನು ಪಕ್ಕದಲ್ಲೇ ಕೂತಿದ್ದವಳು. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಅವಳು ದೊಡ್ಡ ಶಾಲೆಯ ಕಚೇರಿಯಲ್ಲಿ ಇಪ್ಪತ್ತಾರು ವರ್ಷದಿಂದ ಟೈಪಿಸ್ಟು. ಮೊದಲು ಟೈಪ್‌ರೈಟರು, ಆಮೇಲೆ ಕಂಪ್ಯೂಟರು. ಮೂರು ಭಾಷೆಯಲ್ಲಿ ಕೈ ನೋಡದೆ ಹೊಡೆಯುತ್ತಾಳೆ. ಹೊಡೆಯುವಾಗಲೂ ಮಾತು ನಿಲ್ಲುವುದಿಲ್ಲ, ಆದರೂ ತಪ್ಪು ಬೀಳುವುದಿಲ್ಲ. ಹೋದ ವರ್ಷ ಆ ಶಾಲೆಯಲ್ಲಿ ಬೇರೆ ಬೇರೆ ದೇಶದ ಮಕ್ಕಳಿಗೆ ಚರಿತ್ರೆಯ ಸ್ಪರ್ಧೆ ನಡೆಸುವುದೆಂದು ನಿಶ್ಚಯವಾಯಿತು. ಹನ್ನೆರಡು ದೇಶ, ದೇಶಕ್ಕೊಂದು ತಂಡ, ತಂಡಕ್ಕೆ ಮೂವರು ಮಕ್ಕಳು. ಏರ್ಪಾಡೆಲ್ಲ ಚರಿತ್ರೆ ಮೇಡಂ ತಲೆಯ ಮೇಲೆ ಬಿತ್ತು. ಎಂಟು ತಿಂಗಳು ಮೊದಲೇ ಅವರು ಕೆಲಸ ಶುರುಮಾಡಿದರು.

ಆ ಮೇಡಂ ಸಣ್ಣಗೆ ಮಾತಾಡುವವರು, ಆದರೆ ಹಿಡಿದ ಪಟ್ಟು ಬಿಡುವವರಲ್ಲ. ಯಾವ ಯುದ್ಧದಲ್ಲಿ ಯಾರು ಗೆದ್ದರು ಎನ್ನುವ ಪ್ರಶ್ನೆಯೇ ಬೇಡ, ಸೋತವರ ಮಗುವೂ ಅದೇ ಸಭೆಯಲ್ಲಿ ಕೂತಿರುತ್ತದೆ ಎಂದು ಮೊದಲ ದಿನವೇ ಹೇಳಿದರಂತೆ. ಸ್ಪರ್ಧೆಗೆ ಕರೆದವರು ತಮ್ಮ ದೇಶದ ಚರಿತ್ರೆಯನ್ನೇ ಕೇಳುವಂತಿಲ್ಲ. ಪ್ರತಿ ಉತ್ತರಕ್ಕೂ ಎರಡು ದೇಶದ ಎರಡು ಪುಸ್ತಕದ ಸಾಕ್ಷಿ ಬೇಕು. ಹೀಗೆ ಜರಡಿ ಹಿಡಿದ ಮೇಲೆ ಒಂಬೈನೂರು ಪ್ರಶ್ನೆಯಲ್ಲಿ ಉಳಿದದ್ದು ಮುನ್ನೂರ ಅರವತ್ತು. ಒಂದು ಪ್ರಶ್ನೆಗೆ ಒಂದು ಕಾರ್ಡು, ಒಂದು ಕಾರ್ಡಿನಲ್ಲಿ ಮೂರು ಭಾಷೆ. ಅದನ್ನೆಲ್ಲ ಟೈಪು ಮಾಡಲು ನನ್ನ ಓರಗಿತ್ತಿಯನ್ನು ಕರೆದಾಗ ಶಾಲೆಯ ಕಾರ್ಯದರ್ಶಿ, ರೇಡಿಯೋ ಕೈಗೆ ಗುಟ್ಟು ಕೊಡುವುದಕ್ಕಿಂತ ಗೋಡೆಗೇ ಅಂಟಿಸಿಬಿಡಿ ಎಂದರಂತೆ. ಮೇಡಂ ಅದಕ್ಕೆ ನಗಲಿಲ್ಲ. ತಪ್ಪಿಲ್ಲದೆ ಹೊಡೆಯುವವರು ಬೇರೆ ಯಾರಿದ್ದಾರೆ, ಹೇಳಿ ಎಂದರು. ಯಾರೂ ಇರಲಿಲ್ಲ.

ಅವಳು ಹೊಡೆದಳು. ಕಾರ್ಡುಗಳು ಲಕೋಟೆ ಸೇರಿದವು, ಲಕೋಟೆಗಳು ಕಬ್ಬಿಣದ ಪೆಟ್ಟಿಗೆ ಸೇರಿದವು. ಪೆಟ್ಟಿಗೆಗೆ ಎರಡು ಬೀಗ, ಒಂದು ಕೀಲಿ ಮೇಡಂ ಹತ್ತಿರ, ಇನ್ನೊಂದು ಕಾರ್ಯದರ್ಶಿ ಹತ್ತಿರ. ಎಲ್ಲ ಮುಗಿದು ಎರಡು ವಾರಕ್ಕೆ ನಮ್ಮ ದೇಶದ ತಂಡವನ್ನು ಆರಿಸಿದರು, ಸ್ಪರ್ಧೆ ನಡೆಸುವ ಊರಿಗೇ ಆ ಅವಕಾಶ. ಊರಿನ ಎಲ್ಲ ಶಾಲೆಯ ಮಕ್ಕಳಿಗೂ ಪರೀಕ್ಷೆ ಇಟ್ಟು ಮೂವರನ್ನು ತೆಗೆದರು. ಮೂವರಲ್ಲಿ ಒಬ್ಬಳು ನಮ್ಮ ಮನೆಯ ಹುಡುಗಿ.

ಅವಳಿಗೆ ಹದಿನಾಲ್ಕು ವರ್ಷ. ಮಾತು ಕಲಿತಾಗಿನಿಂದ ಎಲ್ಲದಕ್ಕೂ ಯಾಕೆ, ಯಾಕೆ ಎಂದು ಕೇಳಿ ಕೇಳಿ ಮನೆಯಲ್ಲಿ ಯಾಕಮ್ಮ ಎಂದೇ ಹೆಸರಾಯಿತು.

ಮೇಡಂ ನನ್ನ ಓರಗಿತ್ತಿಯನ್ನು ಕರೆದು ಕೂರಿಸಿಕೊಂಡರಂತೆ. ಮುನ್ನೂರ ಅರವತ್ತು ಕಾರ್ಡು ಮತ್ತೆ ಹೊಸದಾಗಿ ಮಾಡಲು ಸಮಯವಿಲ್ಲ, ಪರೀಕ್ಷೆಯಲ್ಲಿ ಗೆದ್ದ ಹುಡುಗಿಯನ್ನು ತೆಗೆಯುವುದು ನ್ಯಾಯವಲ್ಲ, ಆದರೆ ಮನೆಯಲ್ಲಿ ಒಂದೇ ಒಂದು ಮಾತು ಜಾರಿದರೂ ಹುಡುಗಿ ತಂಡದಲ್ಲಿ ಇರುವಂತಿಲ್ಲ ಎಂದರು. ಇವಳು ಕಾಗದಕ್ಕೆ ರುಜು ಹಾಕಿ ಬಂದಳು. ಬಂದವಳು ನನಗೆ ಅಷ್ಟನ್ನು ಮಾತ್ರ ಹೇಳಿದಳು. ಅವತ್ತಿಗೆ ಸ್ಪರ್ಧೆಗೆ ನಲವತ್ತೊಂದು ದಿನ ಇತ್ತು.

ಇನ್ನು ನಮ್ಮ ಮನೆಯ ಒಂದು ಅಭ್ಯಾಸ ಹೇಳಬೇಕು. ಯಾಕಮ್ಮ ಒಂದನೇ ತರಗತಿಯಿಂದಲೂ ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತು ಅಜ್ಜಿಗೆ ಪಾಠ ಒಪ್ಪಿಸುತ್ತಿದ್ದಳು. ಪುಸ್ತಕ ಅಜ್ಜಿಯ ತೊಡೆಯ ಮೇಲೆ. ಸರಿ ಹೇಳಿದರೆ ಅಜ್ಜಿ ಹೂಂ ಎನ್ನುತ್ತಾಳೆ. ತಪ್ಪಿದರೆ ಸುಮ್ಮನಿರುತ್ತಾಳೆ. ಅವಳು ಸುಮ್ಮನಿರುವುದು ಇಡೀ ದಿನದಲ್ಲಿ ಅದೊಂದೇ ಹೊತ್ತು, ಆದ್ದರಿಂದ ಹುಡುಗಿಗೆ ತಪ್ಪು ತಕ್ಷಣ ಗೊತ್ತಾಗುತ್ತದೆ.

ಸ್ಪರ್ಧೆಗೆಂದು ಹುಡುಗಿ ಓದುತ್ತಿದ್ದ ಹತ್ತಾರು ಪುಸ್ತಕದಲ್ಲಿ ಒಂದು ನಮ್ಮ ಯಜಮಾನರದು. ಅವರು ಅಚ್ಚುಕೂಟದಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸುವ ಕೆಲಸದಲ್ಲಿದ್ದರು. ಆ ದಪ್ಪ ಚರಿತ್ರೆ ಪುಸ್ತಕದ ಒಂದೊಂದು ಅಕ್ಷರವನ್ನೂ ಅವರ ಬೆರಳೇ ಎತ್ತಿ ಇಟ್ಟದ್ದು. ಅಚ್ಚುಮೊಳೆಯನ್ನು ಲೋಕದಲ್ಲಿ ಮೊದಲು ಮಾಡಿದವನು ಗುಟೆನ್‌ಬರ್ಗ್ ಎಂದು ಅದರಲ್ಲಿ ಇದೆ. ಆ ಸಾಲಿನ ಕೆಳಗೆ ಅವರು ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ‘ನಮ್ಮ ಕಸುಬಿನ ಹಿರಿಯ’ ಎಂದು ಬರೆದಿದ್ದರು. ಯಾಕಮ್ಮ ಐದು ವರ್ಷದವಳಿದ್ದಾಗಲೇ ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು ಆ ಹೆಸರು ಬಾಯಿಪಾಠ ಮಾಡಿಸಿದ್ದರು. ಅವಳಿಗೆ ಗೊತ್ತಿದ್ದ ಮೊದಲ ಚರಿತ್ರೆ ಅದೇ.

ಆದರೆ ಅದು ತಪ್ಪು. ಆ ಮನುಷ್ಯನಿಗಿಂತ ಸುಮಾರು ನಾನೂರು ವರ್ಷ ಮೊದಲೇ ಚೀನಾದಲ್ಲಿ ಬಿ ಶೆಂಗ್ ಎಂಬವನು ಜೇಡಿಮಣ್ಣಿನಲ್ಲಿ ಒಂದೊಂದೇ ಅಕ್ಷರ ಕೊರೆದು, ಬೆಂಕಿಯಲ್ಲಿ ಸುಟ್ಟು, ಜೋಡಿಸಿ, ಅಚ್ಚು ಹಾಕಿದ್ದನಂತೆ. ಪೆಟ್ಟಿಗೆಯೊಳಗಿನ ಒಂದು ಕಾರ್ಡಿನ ಪ್ರಶ್ನೆ ಇದೇ ಆಗಿತ್ತು. ನನಗೆ ಇದು ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ನನ್ನ ಓರಗಿತ್ತಿಗೆ ಮೊದಲೇ ಗೊತ್ತಿತ್ತು, ಅವಳೇ ಮೂರು ಭಾಷೆಯಲ್ಲಿ ಹೊಡೆದಿದ್ದಳಲ್ಲ.

ಮೂರನೆಯ ದಿನ ಬೆಳಿಗ್ಗೆ ಯಾಕಮ್ಮ ಆ ಪುಸ್ತಕ ಹಿಡಿದು ಬಂದಳು. ನಾನು ಬಟ್ಟೆ ಹೊಲಿಯುತ್ತ ಕೂತಿದ್ದೆ. ಸ್ಪರ್ಧೆಯ ಹದಿಮೂರು ಮೇಜಿಗೆ ಹೊದಿಕೆ ಬೇಕಿತ್ತು, ಅಂಚು ಮಡಿಚಿ ಹೊಲಿಯುವ ಕೆಲಸ ನನಗೆ ಬಂದಿತ್ತು. ಹುಡುಗಿ ಒಂದೊಂದಾಗಿ ಒಪ್ಪಿಸುತ್ತ ಹೋದಳು, ಅಜ್ಜಿ ಹೂಂ, ಹೂಂ ಎನ್ನುತ್ತಿದ್ದಳು. ಅಚ್ಚುಮೊಳೆಯ ಸಾಲು ಹತ್ತಿರ ಬರುವ ಹೊತ್ತಿಗೆ ಅಜ್ಜಿ ದಡಕ್ಕನೆ ಎದ್ದಳು. ಒಲೆಯ ಮೇಲೆ ಏನೂ ಇರಲಿಲ್ಲ, ಆದರೂ ಹಾಲು ಉಕ್ಕುತ್ತದೆ ಎಂದಳು. ಪುಸ್ತಕ ತಂದು ನನ್ನ ಮಡಿಲಿಗೆ ಹಾಕಿದಳು.

“ಇನ್ಮೇಲೆ ನೀವು ಒಪ್ಪಿಸ್ಕೊಳ್ಳಿ ಅಕ್ಕ. ನನಗೆ ಕಣ್ಣು ಮಂಜಾಗ್ತಿದೆ.”

ಹೂಂ ಎಂದರೆ ಸುಳ್ಳು, ಸುಮ್ಮನಿದ್ದರೆ ಗುಟ್ಟು ಬಿಟ್ಟುಕೊಟ್ಟ ಹಾಗೆ. ಅವಳಿಗೆ ದಾರಿ ಇರಲಿಲ್ಲ ಎಂದು ಈಗ ಅರ್ಥವಾಗುತ್ತದೆ. ಅವತ್ತು ನನಗೆ ತೋರಿದ್ದು, ನನ್ನ ಸೂಜಿಗೆ ದಾರ ಪೋಣಿಸಿಕೊಡಲು ಮಂಜಾಗದ ಇವಳ ಕಣ್ಣು ಪುಸ್ತಕಕ್ಕೆ ಯಾಕೆ ಮಂಜಾಯಿತು ಎಂದು.

ನನಗೆ ಓದು ಅಷ್ಟಕ್ಕಷ್ಟೆ. ಬೆರಳಿಟ್ಟು ಅಕ್ಷರ ಕೂಡಿಸಿಕೊಂಡು ಹೋಗಬೇಕು. ಆದರೂ ದಿನಾ ಬೆಳಿಗ್ಗೆ ಒಪ್ಪಿಸಿಕೊಂಡೆ. ನಮ್ಮ ಯಜಮಾನರ ಕೆಂಪು ಗೆರೆ ಬಂದಾಗ ನನಗೆ ಓದುವುದೂ ಬೇಕಿರಲಿಲ್ಲ. ಆ ಸಾಲು ನಾಲ್ಕು ದಿನಕ್ಕೊಮ್ಮೆ ಬರುತ್ತಿತ್ತು. ಒಟ್ಟು ಹತ್ತು ಸಲ ನಾನು ಅದಕ್ಕೆ ಹೂಂ ಅಂದಿದ್ದೇನೆ, ಗಟ್ಟಿಯಾಗಿ.

ಆ ಹೊತ್ತಿಗೆ ಸರಿಯಾಗಿ ಓರಗಿತ್ತಿ ಬಂದು ನನ್ನ ಪಕ್ಕ ಕೂರುವಳು. ಅಂಚಿಗೆ ಗುಂಡುಸೂಜಿ ಚುಚ್ಚಿಕೊಡುತ್ತೇನೆ ಎಂದು ನಾಲ್ಕು ಸೂಜಿ ತುಟಿಯ ನಡುವೆ ಕಚ್ಚಿ ಹಿಡಿಯುವಳು. ಹೊಲಿಗೆ ಅವಳಿಗೆ ಬಾರದು. ಚುಚ್ಚಿದ್ದೆಲ್ಲ ವಕ್ರ, ಅವಳು ಕಚೇರಿಗೆ ಹೋದ ಮೇಲೆ ನಾನು ತೆಗೆದು ಮತ್ತೆ ಚುಚ್ಚಬೇಕು. ಎರಡನೆಯ ಕೋಣೆಗೆ ಹೋಗಬಹುದಿತ್ತಲ್ಲ ಎಂದು ಆಮೇಲೆ ಒಮ್ಮೆ ಕೇಳಿದೆ. ಹುಡುಗಿ ಓದುವುದನ್ನು ಕೇಳದೆ ಇರಲಾರೆ, ಕೇಳಿದರೆ ಬಾಯಿ ಸುಮ್ಮನಿರಲಾರದು, ಅದಕ್ಕೇ ಸೂಜಿ ಎಂದಳು.

ಬೀದಿಯಲ್ಲಿ ಮಾತ್ರ ಅವಳು ಮೊದಲಿಗಿಂತ ಹೆಚ್ಚು ಮಾತಾಡುತ್ತಿದ್ದಳು. ಸೋಪಿನ ಬೆಲೆ, ಮೂಲೆಮನೆಯವರ ಹೊಸ ಬಾಗಿಲು, ಬಸ್ಸಿನ ಕಂಡಕ್ಟರನ ಮೀಸೆ. ಹಾಲಿನವನು ಕೆಣಕಿದ. “ಏನು ರೇಡಿಯೋ, ಸ್ಪರ್ಧೆ ಸುದ್ದಿ ಮಾತ್ರ ಬರ್ತಾನೇ ಇಲ್ಲ. ಆ ಸ್ಟೇಷನ್ ಸಿಗಲ್ವಾ?”

“ನೀನು ಹಾಕೋ ನೀರು ಹಾಲಿಗೆ ಸಿಗುತ್ತಲ್ಲ, ಸಾಕು ಬಿಡು,” ಎಂದು ಬಾಗಿಲು ಹಾಕಿದಳು.

ಯಾಕಮ್ಮನಿಗೆ ಮಾತ್ರ ಇದು ತಮಾಷೆಯಾಗಿ ಕಾಣಲಿಲ್ಲ. ಒಂದು ದಿನ ಶಾಲೆಯಿಂದ ಬಂದವಳು ಚಪ್ಪಲಿ ಬಿಡದೆ ನನ್ನ ಹತ್ತಿರ ಕೂತಳು.

“ದೊಡ್ಡಜ್ಜಿ, ಅಜ್ಜಿಗೆ ನಾನು ಗೆಲ್ಲೋದು ಬೇಡ್ವಾ?”

ಯಾಕೆ ಹಾಗೆ ಕೇಳುತ್ತೀಯ ಎಂದೆ. ಇಷ್ಟು ವರ್ಷ ಒಪ್ಪಿಸಿಕೊಂಡವಳು ಈಗ ಬೇಕಾದಾಗಲೇ ಬಿಟ್ಟಳು, ಎದುರಿಗೆ ಕೂತರೂ ಮುಖ ನೋಡುವುದಿಲ್ಲ ಎಂದಳು. ಅಜ್ಜಿ ಕಾಗದಕ್ಕೆ ರುಜು ಹಾಕಿದ್ದಾಳೆ, ಅದಕ್ಕೇ ದೂರ ಇದ್ದಾಳೆ ಎಂದೆ. ಅಷ್ಟು ದೂರ ಯಾಕೆ ಎಂದಳು. ಬಾಗಿಲ ಪರದೆಯ ಆ ಕಡೆ ಓರಗಿತ್ತಿ ನಿಂತಿದ್ದಳು, ಎಲ್ಲ ಕೇಳಿಸಿಕೊಂಡು ಹುಡುಗಿಗೆಂದು ತಂದ ಲೋಟವನ್ನು ತಿರುಗಿ ಒಳಗೆ ಒಯ್ದಳು.

ಮರುದಿನ ಅವಳು ಮೇಡಂ ಹತ್ತಿರ ಹೋಗಿ, ಒಂದು ಕಾರ್ಡನ್ನು ಪೆಟ್ಟಿಗೆಯಿಂದ ತೆಗೆದುಬಿಡಿ ಎಂದು ಕೇಳಿದಳು. ಯಾಕೆಂದು ಹೇಳಲಿಲ್ಲ, ಯಾವುದೆಂದೂ ಹೇಳಲಿಲ್ಲ, ಒಪ್ಪಿದರೆ ಹೇಳುತ್ತೇನೆ ಎಂದಳು. ಮೇಡಂ ಕನ್ನಡಕ ತೆಗೆದು ಒರೆಸುತ್ತ ಕೂತರಂತೆ.

“ಹುಡುಗಿ ಏನೋ ತಪ್ಪು ಓದ್ತಿದ್ದಾಳೆ, ಅಲ್ವಾ?”

ಇವಳು ತಲೆ ತಗ್ಗಿಸಿದಳು.

“ತಿದ್ದಿದ್ರೆ ಮೋಸ ಅಂತ ನಿಮಗೆ ಗೊತ್ತು. ಕಾರ್ಡು ತೆಗೆದ್ರೂ ಮೋಸಾನೇ ಅಮ್ಮಾ. ಅವಳು ಎಡವೋ ಕಲ್ಲನ್ನ ಮಾತ್ರ ಎತ್ತಿಟ್ಟ ಹಾಗೆ. ಬೇರೆ ಮಕ್ಕಳ ಕಲ್ಲು ಯಾರು ಎತ್ತುತ್ತಾರೆ?”

ಇವಳು ಎದ್ದು ಬಂದಳು. ಬರುವಾಗ ಮೇಡಂ ಬಾಗಿಲ ತನಕ ಬಂದು, ಹುಡುಗಿಗೆ ಇನ್ನೂ ಹದಿನೇಳು ದಿನ ಇದೆ, ಶಾಲೆಯ ಪುಸ್ತಕದ ಕೋಣೆ ಸಂಜೆಯ ತನಕ ತೆರೆದಿರುತ್ತದೆ, ಎಲ್ಲ ತಂಡಗಳಿಗೂ ಹೊಸ ಪುಸ್ತಕಗಳ ಪಟ್ಟಿ ಕಳಿಸಿದ್ದೇನೆ ಎಂದರು. ಆ ಪಟ್ಟಿ ನಮ್ಮ ಮನೆಗೂ ಬಂದಿತ್ತು. ಯಾಕಮ್ಮ ಅದರಲ್ಲಿದ್ದ ಬಹಳಷ್ಟು ಪುಸ್ತಕ ಓದಿದಳು. ಆದರೆ ಅಚ್ಚುಮೊಳೆಯ ಅಧ್ಯಾಯ ಬಂದಾಗಲೆಲ್ಲ ಹಾಳೆ ತಿರುಗಿಸಿಬಿಡುತ್ತಿದ್ದಳಂತೆ. ಅದು ದೊಡ್ಡಜ್ಜ ಹೇಳಿಕೊಟ್ಟದ್ದು, ಮತ್ತೆ ಓದುವುದೇನು ಎಂದು.

ಸ್ಪರ್ಧೆಯ ದಿನ ಬೆಳಿಗ್ಗೆಯೇ ನಾವಿಬ್ಬರೂ ಹೋದೆವು. ಹನ್ನೆರಡು ಮೇಜು ಅರ್ಧ ಚಂದ್ರದ ಹಾಗೆ, ಎದುರಿಗೆ ತೀರ್ಪುಗಾರರ ಮೇಜು. ಹದಿಮೂರು ಹೊದಿಕೆಯ ಅಂಚೂ ನೆಟ್ಟಗೆ ಬಂದಿತ್ತು. ಮೊದಲ ದಿನ ಗೆದ್ದ ನಾಲ್ಕು ತಂಡ ಮರುದಿನಕ್ಕೆ. ನಮ್ಮ ಹುಡುಗಿಯ ತಂಡ ಮಧ್ಯಾಹ್ನದವರೆಗೆ ಮೂರನೆಯದಾಗಿತ್ತು. ಮುನ್ನೂರ ಅರವತ್ತರಲ್ಲಿ ಎಲ್ಲವನ್ನೂ ಕೇಳುವುದಿಲ್ಲ, ಲಕೋಟೆ ಎತ್ತಿದ ಹಾಗೆ. ಆ ಒಂದು ಕಾರ್ಡನ್ನು ಎತ್ತಲಿಕ್ಕಿಲ್ಲ ಎಂದು ಓರಗಿತ್ತಿ ಕೊನೆಯ ತನಕ ಆಸೆ ಇಟ್ಟುಕೊಂಡಿದ್ದಳು.

ನಾಲ್ಕು ಗಂಟೆಗೆ ಅದನ್ನೇ ಎತ್ತಿದರು. ಪ್ರಶ್ನೆ ಪೂರ್ತಿ ಓದುವ ಮೊದಲೇ ಯಾಕಮ್ಮ ಗಂಟೆಯ ಗುಂಡಿ ಒತ್ತಿದಳು. ಅಷ್ಟು ಸಂತೋಷದ ಮುಖ ಅವತ್ತು ಇಡೀ ಸಭೆಯಲ್ಲಿ ಬೇರೆ ಇರಲಿಲ್ಲ. ನನ್ನ ಕಡೆ ನೋಡಿಯೇ ಆ ಹೆಸರು ಹೇಳಿದಳು. ನಾನು ಅಭ್ಯಾಸಬಲದಿಂದ ಹೂಂ ಅಂದೆ. ಪಕ್ಕದಲ್ಲಿ ಓರಗಿತ್ತಿ ನನ್ನ ಮೊಣಕೈ ಹಿಡಿದಳು. ತಪ್ಪು ಎಂದರು ತೀರ್ಪುಗಾರರು. ಬೇರೊಂದು ಮೇಜಿನ ಸಣ್ಣ ಹುಡುಗ ಸರಿ ಉತ್ತರ ಹೇಳಿದ. ಕೊನೆಗೆ ನಮ್ಮದು ಐದನೆಯ ತಂಡವಾಯಿತು.

ಬಸ್ಸಿನಲ್ಲಿ ಮನೆಗೆ ಹೊರಟೆವು. ರೇಡಿಯೋ ಇದ್ದ ಬಸ್ಸು ಅಷ್ಟು ನಿಶ್ಶಬ್ದವಾಗಿ ಹೋದದ್ದು ಅದೇ ಮೊದಲು. ಮನೆಗೆ ಬಂದು ಹುಡುಗಿ ಸೀದಾ ಮಲಗಿದಳು. ಓರಗಿತ್ತಿ ಆಗ ನನಗೆ ಎಲ್ಲವನ್ನೂ ಹೇಳಿದಳು, ಮೊದಲಿನಿಂದ ಕೊನೆಯವರೆಗೆ. ಅಕ್ಕ, ನಿಮ್ಮ ಯಜಮಾನರ ಗೆರೆಯನ್ನು ನಾನು ತಪ್ಪು ಅನ್ನಬೇಕಾಯಿತು ಎಂದು ಅದಕ್ಕೂ ಅತ್ತಳು. ನಮ್ಮ ಯಜಮಾನರು ಇದ್ದಿದ್ದರೆ ಜೇಡಿಮಣ್ಣು ಹೇಗೆ ಸುಟ್ಟರು, ಬಿರಿಯಲಿಲ್ಲವೇ ಎಂದು ಕೇಳುತ್ತ ಕೂರುತ್ತಿದ್ದರು ಎಂದೆ. ಅದು ನಿಜ.

ಬೆಳಿಗ್ಗೆ ನಾನು ಗುಂಡುಸೂಜಿಗಳನ್ನು ಎಣಿಸಿ ಡಬ್ಬಿಗೆ ಹಾಕುತ್ತಿದ್ದೆ. ಯಾಕಮ್ಮ ಆ ದಪ್ಪ ಪುಸ್ತಕ ಹಿಡಿದು ಅಡುಗೆಮನೆಗೆ ಬಂದಳು. ಕೆಂಪು ಗೆರೆಯನ್ನು ಹೊಡೆದು ಹಾಕಿರಲಿಲ್ಲ. ಅದರ ಕೆಳಗೆ ಸಣ್ಣಕ್ಷರದಲ್ಲಿ ಏನೋ ಬರೆದಿದ್ದಳು, ‘ಇವರಿಗಿಂತ ಹಿರಿಯ ಇನ್ನೊಬ್ಬ’ ಎಂದು ನಾನು ಆಮೇಲೆ ಕೂಡಿಸಿ ಓದಿದೆ. ಅವಳು ಅಜ್ಜಿಯ ಎದುರು ನಿಂತಳು.

“ಆ ಕಾರ್ಡು ನೀನೇ ಹೊಡೆದದ್ದಾ?”

“ನಾನೇ.”

“ನಾನು ತಪ್ಪು ಓದೋದು ಪ್ರತಿ ಸಲಾನೂ ಕೇಳಿಸ್ಕೊಂಡೆಯಾ?”

“ಪ್ರತಿ ಸಲಾನೂ.”

ಹುಡುಗಿ ಅಜ್ಜಿಯ ತುಟಿಯನ್ನೇ ನೋಡಿದಳು. ಸೂಜಿ ಕಚ್ಚಿ ಕಚ್ಚಿ ಅಲ್ಲಿ ಎರಡು ಕಡೆ ಗಾಯವಾಗಿ ಒಣಗಿತ್ತು. ಯಾಕೆ ಎಂದು ಅವಳು ಕೇಳಲಿಲ್ಲ. ನನಗೆ ತಿಳಿದಂತೆ ಅದೊಂದೇ ಸಲ ಕೇಳದೆ ಇದ್ದದ್ದು. ಪುಸ್ತಕವನ್ನು ಅಜ್ಜಿಯ ತೊಡೆಯ ಮೇಲೆ ಇಟ್ಟಳು, ಎರಡು ಹೆಜ್ಜೆ ಹಿಂದೆ ಹೋದಳು, ಕೈ ಕಟ್ಟಿ ನಿಂತಳು.

“ಬಿಡಿ ಬಿಡಿ ಅಚ್ಚುಮೊಳೆಯನ್ನು ಮೊದಲು ಮಾಡಿದವನು ಬಿ ಶೆಂಗ್. ಜೇಡಿಮಣ್ಣಿನಲ್ಲಿ.”

ಅಜ್ಜಿ ಆ ಹಾಳೆ ತೆಗೆದು ಮೊಮ್ಮಗಳು ಬರೆದ ಸಾಲಿನ ಮೇಲೆ ಬೆರಳಿಟ್ಟಳು.

“ಹೂಂ,” ಎಂದಳು.

ಹುಡುಗಿ ಮುಂದಿನದನ್ನು ಒಪ್ಪಿಸತೊಡಗಿದಳು. ಹೊರಗೆ ಹಾಲಿನವನು ಎರಡು ಸಲ ಕೂಗಿದ. ಕೊನೆಗೆ ಪಾತ್ರೆ ಹಿಡಿದು ನಾನೇ ಹೋದೆ.